ಗಾಜಿನ ಮೇಲೆ ಬರೆಸಿದ್ದು



ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಅಡುಗೆಮನೆಯಲ್ಲಿರಬಹುದು, ಕೆಲವರು ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿರಬಹುದು. ಇನ್ನು ಕೆಲವರು ಕಾರಿನಲ್ಲಿ ರೇಡಿಯೊ ಹಾಕಿಕೊಂಡು ಕಬಕದಿಂದಲೋ ಕುಂಬ್ರದಿಂದಲೋ ಪುತ್ತೂರು ಪೇಟೆಗೆ ಬರುತ್ತಿರಬಹುದು. ಕಾರಿನಲ್ಲಿರುವವರಿಗೆ ಒಂದು ವಿನಂತಿ. ನಿಮ್ಮ ಮುಂದೆ ಹೋಗುತ್ತಿರುವ ಗಾಡಿಯ ಹಿಂದಿನ ಗಾಜನ್ನು ಸ್ವಲ್ಪ ಓದಿ. ಬೊಳುವಾರಿನಿಂದ ದರ್ಬೆವರೆಗೆ ಹೇಗೂ ಗಾಡಿಗಳು ತೆವಳಿಕೊಂಡೇ ಹೋಗುವುದು, ಓದುವುದಕ್ಕೆ ಬೇಕಾದಷ್ಟು ಪುರುಸೊತ್ತು ಸಿಗುತ್ತದೆ.

ಏನುಂಟು ಅದರಲ್ಲಿ? 'ಶ್ರೀ ಮಹಾಲಿಂಗೇಶ್ವರ ಪ್ರಸನ್ನ' ಎಂದಿರಬಹುದು. ಅದಿಲ್ಲವಾದರೆ ತಲೆಗೆ ಮುಟ್ಟಾಳೆಯಿಟ್ಟ ಬಿಳಿಗಡ್ಡದ ಕೊರಗಜ್ಜ. ಅದರ ಕೆಳಗೆ ಇಬ್ಬರು ಮಕ್ಕಳ ಹೆಸರು, ಹೆಸರುಗಳ ನಡುವೆ ಒಂದು ನಕ್ಷತ್ರ. ಪಕ್ಕದ ರಿಕ್ಷಾದಲ್ಲಿ 'ಅಪ್ಪೆ ಅಮ್ಮೆರೆ ಆಶೀರ್ವಾದ'. ಅದರಾಚೆಗಿನ ಪಿಕಪ್ಪಿನಲ್ಲಿ 'ಮಾಷಾ ಅಲ್ಲಾಹ್'. ನೆಲ್ಯಾಡಿ ಕಡೆಯಿಂದ ರಬ್ಬರ್ ಶೀಟು ಹೇರಿಕೊಂಡು ಬಂದ ಜೀಪಿನಲ್ಲಿ ಶಿಲುಬೆ, ಅದರ ಕೆಳಗೆ ಮಲಯಾಳದಲ್ಲಿ ಒಂದು ಸಾಲು. ಇವೆಲ್ಲದರ ಸಂದಿಯಲ್ಲಿ ನುಗ್ಗುವ ಬೈಕಿನ ಟ್ಯಾಂಕಿನ ಮೇಲೆ ಬಾಯಿ ತೆರೆದ ಹುಲಿ, ಹುಡುಗನ ಹೆಲ್ಮೆಟ್ಟಿನ ಹಿಂದೆ ದಪ್ಪಕ್ಷರದಲ್ಲಿ 'ಕೆಎ 21'. ಪುತ್ತೂರು ಆರ್‌ಟಿಒ ಕಚೇರಿ ಕೊಡುವ ನಂಬರು ಯಾರಿಗಾದರೂ ಇಷ್ಟು ಹೆಮ್ಮೆ ತರಬಹುದೆಂದು ಆ ಕಚೇರಿಯವರೇ ಊಹಿಸಿರಲಿಕ್ಕಿಲ್ಲ.

ಬೇರೆಯವರು ಬಸ್ಸಿನಲ್ಲಿ ಮೊಬೈಲು ನೋಡುತ್ತಾರೆ. ನಾನು ಕಿಟಕಿ ಬದಿಗೆ ಕೂತು ಹೊರಗಿನ ಗಾಡಿಗಳನ್ನು ಓದುತ್ತೇನೆ. ಮಾಣಿಯಿಂದ ಮೈಸೂರಿಗೆ ಹೋಗುವ ರಸ್ತೆ ಪುತ್ತೂರು, ಸಂಟ್ಯಾರು, ಕಾವು, ಕನಕಮಜಲು, ಜಾಲ್ಸೂರು ದಾಟಿ ಸುಳ್ಯ ಮುಟ್ಟುವಷ್ಟರಲ್ಲಿ ಓದಲು ಸಿಗುವ ಸಾಹಿತ್ಯ ಕಡಿಮೆಯೇನಲ್ಲ. ಓದುತ್ತ ಓದುತ್ತ ನನಗೆ ಒಂದು ವಿಷಯ ಖಚಿತವಾಗಿದೆ. ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕಿನವರು ಬಾಯಿಬಿಟ್ಟು ಹೇಳಲು ನಾಚುವುದನ್ನೆಲ್ಲ ಗಾಡಿಯ ಮೇಲೆ ಬರೆಸುತ್ತಾರೆ.

ನೀವೇ ಯೋಚಿಸಿ. ಮಗಳಿಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ತೊಂಬತ್ತೈದು ಬಂದರೂ ನಮ್ಮಲ್ಲಿ ಅಪ್ಪ ಹೇಳುವುದು 'ತೊಂದರೆ ಇಲ್ಲ' ಅಂತ. ಅಡಿಕೆಯ ರೇಟು ಎಷ್ಟೇ ಏರಿರಲಿ, ಕೇಳಿದವರಿಗೆ ಸಿಗುವ ಉತ್ತರ 'ಹೀಗೇ ಉಂಟು ಮಾರಾಯ್ರೆ'. ತಾಯಿಯ ಎದುರು ನಿಂತು 'ನಿನ್ನಿಂದಲೇ ನಾನು ಮೇಲೆ ಬಂದೆ' ಎಂದ ಮಗನನ್ನು ಸಿನಿಮಾದಲ್ಲಲ್ಲದೆ ಬೇರೆಲ್ಲೂ ನಾನು ಕಂಡವನಲ್ಲ. ಆದರೆ ಅದೇ ಮಗ ಸೊಸೈಟಿಯಲ್ಲಿ ಸಾಲ ಮಾಡಿ ರಿಕ್ಷಾ ತೆಗೆದ ದಿನ ಮೊದಲು ದೇವಸ್ಥಾನಕ್ಕೆ ಹೋಗುತ್ತಾನೆ, ಅಲ್ಲಿಂದ ನೇರ ಸ್ಟಿಕ್ಕರಿನ ಅಂಗಡಿಗೆ. ತುಳುವಿನಲ್ಲಿ 'ಅಪ್ಪೆನ ಆಶೀರ್ವಾದ', ಅಂದರೆ ತಾಯಿಯ ಆಶೀರ್ವಾದ ಎಂದು ಬರೆಸುತ್ತಾನೆ. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು ಅಂದಿನಿಂದ ಊರಿಡೀ ಬಾಡಿಗೆಗೆ ತಿರುಗುತ್ತದೆ. ತಾಯಿ ಅದನ್ನು ಓದಿದ್ದಾರೋ ಇಲ್ಲವೋ. ಓದಿದರೂ ಆ ಬಗ್ಗೆ ಮಾತೆತ್ತುವ ಕ್ರಮ ಆ ಮನೆಯಲ್ಲೂ ಇರಲಿಕ್ಕಿಲ್ಲ.

ಸ್ಟಿಕ್ಕರು ಬರುವ ಮೊದಲೂ ಗಾಡಿಗಳ ಮೈಮೇಲೆ ಅಕ್ಷರ ಇತ್ತು. ಅದು ಮನಸ್ಸಿನ ಮಾತಾಗಿರಲಿಲ್ಲ, ಗಾಡಿಯ ಹೆಸರಾಗಿತ್ತು. ನಮ್ಮ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯ ಬಸ್ಸಿನ ಚರಿತ್ರೆ ಮೊದಲನೆಯ ಮಹಾಯುದ್ಧದ ಕಾಲದಷ್ಟು ಹಿಂದಕ್ಕೆ ಹೋಗುತ್ತದೆ. ಜನ ಸಿ.ಪಿ.ಸಿ. ಎಂದು ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಆಮೇಲೆ ಹನುಮಾನ್, ಶಂಕರ ವಿಠಲ, ಹೀಗೆ ಬಸ್ಸಿನ ನೆತ್ತಿಯ ಮೇಲಿನ ಹೆಸರುಗಳೇ ಹಳಬರಿಗೆ ಗಡಿಯಾರ. ಬಸ್ಸು ಹೋಗದ ಕಡೆಗೆ ಸರ್ವಿಸ್ ಜೀಪು. ಗುತ್ತಿಗಾರು, ಕೊಲ್ಲಮೊಗ್ರು, ಬಳ್ಪ, ಬಿಳಿನೆಲೆ, ಕೊಂಬಾರು ಕಡೆಯವರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಒಳಗೆ ಹತ್ತು ಜನ, ಹಿಂದೆ ನೇತುಕೊಂಡು ನಾಲ್ಕು ಜನ, ಬಾನೆಟ್ಟಿನ ಮೇಲೆ ಬಾಳೆಗೊನೆ. ಎದುರಿನ ಗಾಜಿನ ಮೇಲ್ಗಡೆ ಬಣ್ಣದಲ್ಲಿ 'ಶ್ರೀ ದುರ್ಗಾ' ಎಂದೋ 'ಆವೆ ಮರಿಯಾ' ಎಂದೋ 'ಸುಜಾತ' ಎಂದೋ ಹೆಸರು.

ಬರೆಯುತ್ತಿದ್ದವರು ಊರಿನ ಪೇಂಟರು. ಜಾತ್ರೆಯ ಬೋರ್ಡು, ಆಟದ ಬ್ಯಾನರು, ಚುನಾವಣೆಯ ಗೋಡೆ, ಲಾರಿಯ ನಂಬರು, ಎಲ್ಲದಕ್ಕೂ ಅವರೇ ಆಗಬೇಕು. ಅವರ ಅಕ್ಷರಕ್ಕೆ ನೆರಳಿರುತ್ತಿತ್ತು, ಹಳದಿ ಅಕ್ಷರಕ್ಕೆ ಕೆಂಪು ನೆರಳು. ಕೈಬರಹ ನೋಡಿಯೇ ಇದು ಇಂಥವರ ಕೆಲಸ ಎಂದು ಹೇಳಬಹುದಿತ್ತು. ಯಜಮಾನನ ಹೆಂಡತಿ, ಮಗಳ ಹೆಸರು ಆಗಲೂ ಗಾಡಿಗೆ ಬರುತ್ತಿತ್ತು. ಆದರೆ ಬಂದದ್ದೇ ಅದು ಸಾರ್ವಜನಿಕ ಆಸ್ತಿ. 'ಸುಜಾತದಲ್ಲಿ ಬಂದೆ', 'ಸುಜಾತ ಇವತ್ತು ಕೆಟ್ಟು ನಿಂತಿದೆ' ಎಂದರೆ ಯಾರೂ ನಗುತ್ತಿರಲಿಲ್ಲ.

ಸ್ವಂತ ಕಾರು ಬಂದ ಮೇಲೆ ಈ ಲೆಕ್ಕ ಬದಲಾಯಿತು. ಸ್ವಂತ ಕಾರಿಗೆ ಹೆಸರು ಯಾಕೆ? ಅದನ್ನು ಕಾಯುತ್ತ ಕಟ್ಟೆಯಲ್ಲಿ ಯಾರೂ ಕೂತಿರುವುದಿಲ್ಲ. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800 ನಿಧಾನಕ್ಕೆ ನಮ್ಮ ತೋಟದ ಮನೆಗಳ ಅಂಗಳಕ್ಕೂ ಇಳಿಯಿತು. ಓಮ್ನಿ ಬಂತು. ಮದುವೆಯ ಹಾಲಿನ ಎದುರು ಒಂದೇ ಆಕಾರದ ಬಿಳಿ ಕಾರುಗಳು ಸಾಲಾಗಿ ನಿಂತಾಗ ನಮ್ಮದು ಯಾವುದೆಂದು ಹುಡುಕುವ ಪೇಚಾಟ ಶುರುವಾಯಿತು. ಹಿಂದಿನ ಗಾಜಿನಲ್ಲಿ ಮನೆದೇವರ ಹೆಸರೋ ಮಗುವಿನ ಹೆಸರೋ ಇದ್ದರೆ ದೂರದಿಂದಲೇ ಗುರುತು ಸಿಗುತ್ತದಲ್ಲ. ಮಕ್ಕಳ ಹೆಸರು ಕಾರಿಗೆ ಹತ್ತಿದ್ದು ಮೊದಲಿಗೆ ಈ ನೆಪದಲ್ಲಿ ಎಂದು ನನ್ನ ಎಣಿಕೆ. ನೆಪ ಒಳ್ಳೆಯದಿತ್ತು. ಮಗುವನ್ನು ಎತ್ತಿಕೊಂಡು ಪೇಟೆಯಲ್ಲಿ ನಡೆಯಲು ಸಂಕೋಚಪಡುತ್ತಿದ್ದ ಅಪ್ಪಂದಿರು ಮಗುವಿನ ಹೆಸರನ್ನು ಹೊತ್ತುಕೊಂಡು ಪೇಟೆ ಸುತ್ತಿದರು.

ಈಗ ಪೇಂಟರ ಜಾಗದಲ್ಲಿ ರೇಡಿಯಂ ಕಟ್ಟಿಂಗಿನ ಅಂಗಡಿಗಳಿವೆ. ಪುತ್ತೂರು, ಸುಳ್ಯದಲ್ಲಿ ಮಾತ್ರವಲ್ಲ, ತಾಲೂಕಾಗಿ ಹೆಚ್ಚು ವರ್ಷವಾಗದ ಕಡಬದಲ್ಲೂ ಇವೆ. ಒಂದು ಕಂಪ್ಯೂಟರು, ಒಂದು ಪ್ಲಾಟರ್, ಗೋಡೆಗೆ ಒರಗಿಸಿಟ್ಟ ಬಣ್ಣಬಣ್ಣದ ವಿನೈಲ್ ಸುರುಳಿಗಳು, ಇಷ್ಟಿದ್ದರೆ ಅಂಗಡಿ. ನೀವು ಹೇಳಿದ ಮಾತನ್ನು 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳಲ್ಲಿ ಟೈಪು ಮಾಡಿ, ಗಾಜಿನ ಅಳತೆಗೆ ಹಿಗ್ಗಿಸಿ ಕೂರಿಸುತ್ತಾರೆ. ಇಲ್ಲಿ ಕನ್ನಡದ ಅಕ್ಷರ ಒಂದು ತಕರಾರು ತೆಗೆಯುತ್ತದೆ. ಈ ಹಳೆಯ ಫಾಂಟುಗಳಲ್ಲಿ ಒಂದು ಅಕ್ಷರ ಎಂದರೆ ಎರಡು ಮೂರು ತುಂಡು. ಮೂಲ ಅಕ್ಷರ ಬೇರೆ, ದೀರ್ಘ ಬೇರೆ, ಒತ್ತು ಬೇರೆ. ಕಾಗದದ ಮೇಲೆ ಅಚ್ಚು ಹಾಕುವಾಗ ಒಂದರ ಮೇಲೊಂದು ಹತ್ತಿ ಕೂತರೂ ಗೊತ್ತಾಗುವುದಿಲ್ಲ. ಪ್ಲಾಟರಿನ ಬ್ಲೇಡು ಅಷ್ಟು ಉದಾರಿಯಲ್ಲ. ಅದು ಪ್ರತಿಯೊಂದು ತುಂಡಿನ ಅಂಚನ್ನೂ ಬೇರೆ ಬೇರೆಯಾಗಿಯೇ ಕೊಯ್ಯುತ್ತದೆ. ತುಂಡುಗಳನ್ನು ಕಂಪ್ಯೂಟರಿನಲ್ಲಿಯೇ ಬೆಸೆದಿರದಿದ್ದರೆ ಅಕ್ಷರದ ಹೊಟ್ಟೆಯಲ್ಲಿ ಗೀರು ಬೀಳುತ್ತದೆ.

ಕೊಯ್ದಾದ ಮೇಲೆ ಬೇಡದ ಹಾಳೆಯನ್ನು ಚಿಮಟದಿಂದ ಎಬ್ಬಿಸಿ ತೆಗೆಯಬೇಕು. ಇಂಗ್ಲಿಷಿನ ದಪ್ಪಕ್ಷರವಾದರೆ ಒಂದೆರಡು ನಿಮಿಷದ ಕೆಲಸ. 'ಪ್ರಸನ್ನ' ಬಂದರೆ ಕಷ್ಟ. ಪ ಅಕ್ಷರದ ಕೆಳಗಿನ ಒತ್ತು, ನ ಅಕ್ಷರದ ಕೆಳಗಿನ ಒತ್ತು ಬಹಳ ಸಣ್ಣವು, ಬೇಡದ ಹಾಳೆಯ ಜೊತೆಗೆ ಅವೂ ಎದ್ದು ಬರಲು ನೋಡುತ್ತವೆ. ಒತ್ತು ಎರಡೂ ಹೋದರೆ ದೇವರು 'ಪಸನ' ಆಗುತ್ತಾನೆ. ಅಷ್ಟು ಹೊತ್ತು ಹರಟುತ್ತಿದ್ದ ಅಂಗಡಿಯ ಹುಡುಗ ಒತ್ತಕ್ಷರ ಬಂದಾಗ ಮಾತು ನಿಲ್ಲಿಸುತ್ತಾನೆ, ಬೆರಳಿನಿಂದ ಒತ್ತನ್ನು ಅದುಮಿ ಹಿಡಿದು ಸುತ್ತಲಿನದನ್ನು ಬಿಡಿಸುತ್ತಾನೆ. ಆಮೇಲೆ ಅಕ್ಷರಗಳ ಮೇಲೆ ಅಂಟುಹಾಳೆ ಒತ್ತಿ ಇಡೀ ಸಾಲನ್ನು ಎತ್ತಿ, ಸೋಪಿನ ನೀರು ಚಿಮುಕಿಸಿದ ಗಾಜಿಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಉಜ್ಜುತ್ತಾನೆ. ನೀರು, ಗಾಳಿಗುಳ್ಳೆ ಎಲ್ಲ ಹೊರಗೆ ಹೋಗಬೇಕು. ಮೇಲಿನ ಹಾಳೆಯನ್ನು ಮೂಲೆಯಿಂದ ನಿಧಾನಕ್ಕೆ ಸುಲಿದರೆ ಅಕ್ಷರ ಗಾಜಿನಲ್ಲಿ ಉಳಿಯುತ್ತದೆ. ಆಷಾಢದ ಮಳೆಯಲ್ಲಿ ಈ ಕೆಲಸಕ್ಕೆ ಹೇರ್ ಡ್ರೈಯರ್ ಬೇಕು. ಇಲ್ಲವಾದರೆ ಒಣಗುವುದು ನವರಾತ್ರಿಗೇ.

ಇಂಥ ಅಂಗಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಂಸಾರದ ಮಾತೆಲ್ಲ ಕೇಳಲು ಸಿಗುತ್ತದೆ. ಅಪ್ಪ, ಮಗ ಒಟ್ಟಿಗೆ ಹೊಸ ಕಾರು ತಂದಿರುತ್ತಾರೆ. ಅಪ್ಪನಿಗೆ 'ಶ್ರೀ ಸುಬ್ರಹ್ಮಣ್ಯ ಪ್ರಸನ್ನ' ಬೇಕು. ಮಗನಿಗೆ ಇಂಗ್ಲಿಷಿನಲ್ಲಿ 'ಲೆಜೆಂಡ್' ಎಂದು ಬೇಕು. ಇಬ್ಬರೂ ಪರಸ್ಪರ ಮಾತಾಡುವುದಿಲ್ಲ, ಇಬ್ಬರೂ ಅಂಗಡಿಯವನ ಹತ್ತಿರ ಮಾತಾಡುತ್ತಾರೆ. ಅಂಗಡಿಯವನು ಇಂಥದ್ದು ಎಷ್ಟೋ ನೋಡಿದವನು. "ದೇವರ ಹೆಸರು ಎದುರು ಹಾಕುವ ಅಣ್ಣ, ಇದೊಂದು ಹಿಂದೆ ಇರಲಿ, ನಿಮಗೆ ಕಾಣುವುದಿಲ್ಲ" ಎನ್ನುತ್ತಾನೆ. ಒಪ್ಪಂದವಾಗುತ್ತದೆ. ನಮ್ಮ ಕಡೆಯ ಬಹಳ ಕಾರುಗಳಲ್ಲಿ ಎದುರಿನ ಗಾಜು ಅಪ್ಪನದು, ಹಿಂದಿನ ಗಾಜು ಮಗನದು. ಯೋಚಿಸಿದರೆ ಇದು ಸರಿಯೇ. ಎದುರಿನ ಗಾಜನ್ನು ಓದುವವರು ಎದುರಿನಿಂದ ಬರುವ ಗುರುತಿನವರು, ನೆಂಟರು. ಹಿಂದಿನ ಗಾಜನ್ನು ಓದುವವರು ಯಾರೋ ಏನೋ. ಗುರುತಿಲ್ಲದವರ ಎದುರು ತಾನೇ ನಾವು ಸ್ವಲ್ಪ ಜಂಬ ಕೊಚ್ಚುವುದು?

ಎದುರಿನ ಗಾಜಿನ ಮಾತು ಬಂದಾಗ ಕೊರಗಜ್ಜನ ಮಾತು ಬಾರದಿರುವುದಿಲ್ಲ. ಈಚಿನ ವರ್ಷಗಳಲ್ಲಿ ತುಳುನಾಡಿನಲ್ಲಿ ಇಷ್ಟು ಗಾಡಿ ಹತ್ತಿದ ದೈವ ಇನ್ನೊಂದಿಲ್ಲ. ಕಥೆ ನಿಮಗೆಲ್ಲ ಗೊತ್ತಿದೆ. ತಬ್ಬಲಿ ಕೊರಗ ಹುಡುಗ ತನಿಯ, ಅವನನ್ನು ಸಾಕಿದ ಮೈರಕ್ಕೆ ಬೈದೆತಿ, ಆಮೇಲೆ ಅವನು ಮಾಯವಾದದ್ದು. ಕಳೆದುಹೋದ ವಸ್ತು ಸಿಗಲಿ ಎಂದು ಅಜ್ಜನಿಗೆ ಹರಕೆ ಹೇಳಿಕೊಳ್ಳುವುದು ಹಿಂದಿನಿಂದ ಬಂದದ್ದು. ಅಜ್ಜ ಕೇಳುವುದಾದರೂ ಏನು? ಚಕ್ಕುಲಿ, ವೀಳ್ಯ, ಸ್ವಲ್ಪ ಕಳ್ಳು. ಬೆಳ್ಳಿಯ ಪಲ್ಲಕ್ಕಿ ಬೇಕೆಂದು ಕೇಳಿದವನಲ್ಲ. ಲಕ್ಷಗಟ್ಟಲೆ ಸಾಲದ ಗಾಡಿಯನ್ನು ರಸ್ತೆ ಬದಿ ಬಿಟ್ಟು ಹೋಗುವವನಿಗೆ, ಕಳೆದದ್ದನ್ನು ಹುಡುಕಿಕೊಡುವ ಅಜ್ಜನಿಗಿಂತ ದೊಡ್ಡ ಕಾವಲು ಬೇಕೆ? ಗಲ್ಫಿನಿಂದ ಬಂದವರ ಕಾರಿನ 'ಮಾಷಾ ಅಲ್ಲಾಹ್', ಬಂಪರಿಗೆ ಕಟ್ಟಿದ ಮೆಣಸು ಲಿಂಬೆ, ಅಜ್ಜನ ಚಿತ್ರ, ಮೂರೂ ಮಾಡುವುದು ಸುಮಾರಾಗಿ ಒಂದೇ ಕೆಲಸ. ನನ್ನ ಹೊಸ ಗಾಡಿಗೆ ನಿಮ್ಮ ದೃಷ್ಟಿ ತಾಗದಿರಲಿ ಎಂದು ಬಾಯಿಬಿಟ್ಟು ಯಾರ ಹತ್ತಿರ ಹೇಳಲಾಗುತ್ತದೆ?

ಆದರೆ ಅಜ್ಜನ ಸ್ಟಿಕ್ಕರು ನೋಡುವಾಗ ಎರಡು ವಿಷಯ ನನ್ನ ತಲೆಯಲ್ಲಿ ಕೊರೆಯುತ್ತವೆ. ಒಂದು, ಮಂಗಳೂರಿನ ಹತ್ತಿರದ ಕುತ್ತಾರಿನಲ್ಲಿ ಅಜ್ಜನ ಕೋಲ ಬೆಳಕಿಲ್ಲದೆ, ಕತ್ತಲಲ್ಲಿ ನಡೆಯುವ ಕಟ್ಟು ಇದೆ. ಆ ಅಜ್ಜನನ್ನು ನಾವು ಹೆಡ್‌ಲೈಟು ಬಿದ್ದ ಕೂಡಲೇ ಫಳಫಳ ಹೊಳೆಯುವ ಹಾಳೆಯಲ್ಲಿ ಕೊಯ್ದು ಗಾಜಿಗೆ ಹಚ್ಚಿದ್ದೇವೆ. ಇನ್ನೊಂದು ಇದಕ್ಕಿಂತ ಗಟ್ಟಿ ವಿಷಯ. ಕೊರಗರ ಮೇಲೆ ನಡೆಯುತ್ತಿದ್ದ ಅಜಲು ಎಂಬ ಅವಮಾನದ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕದಲ್ಲಿ ಕಾಯಿದೆ ಬೇಕಾಯಿತು. ಬಂದದ್ದು 2000ದಲ್ಲಿ, ಅಂದರೆ ನಿನ್ನೆ ಮೊನ್ನೆ. ಅಂಗಳದ ಹೊರಗೆ ನಿಲ್ಲಿಸಿದ ಸಮುದಾಯದ ಹುಡುಗ ಈಗ ಎ.ಸಿ. ಕಾರಿನ ಎದುರಿನ ಗಾಜಿನಲ್ಲಿದ್ದಾನೆ. ಅದೇ ಕಾರಿನ ಎದುರಿನ ಸೀಟಿನಲ್ಲಿ ಇಂದಿನ ಒಬ್ಬ ಕೊರಗ ಕೂತದ್ದನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ.

ಇನ್ನು ನಮ್ಮ ನೆರೆಯಿಂದ ಹೊರಟು ಇಡೀ ದೇಶದ ಹಿಂದಿನ ಗಾಜು ಹಿಡಿದ ಒಂದು ಮುಖದ ಕಥೆ. ಜಾಲ್ಸೂರಿನಲ್ಲಿ ಬಲಕ್ಕೆ ತಿರುಗಿದರೆ ಕಾಸರಗೋಡಿನ ರಸ್ತೆ. ಆ ಜಿಲ್ಲೆಯ ಕುಂಬಳೆಯವರು ಕಲಾವಿದ ಕರಣ್ ಆಚಾರ್ಯ. 2015ರಲ್ಲಿ ಊರಿನ ಯುವಕರು ಗಣೇಶೋತ್ಸವದ ಧ್ವಜಕ್ಕೆ ಏನಾದರೂ ಹೊಸತು ಮಾಡಿಕೊಡಿ ಎಂದು ಕೇಳಿದ್ದಕ್ಕೆ ಅವರೊಂದು ಹನುಮಂತನ ಮುಖ ಬರೆದುಕೊಟ್ಟರು. ಕಪ್ಪು ಹಿನ್ನೆಲೆ, ಕೇಸರಿ ಬಣ್ಣ, ಗಂಟಿಕ್ಕಿದ ಹುಬ್ಬು. ಇಷ್ಟೇ. ಧ್ವಜದಿಂದ ಮೊಬೈಲಿಗೆ, ಮೊಬೈಲಿನಿಂದ ಸ್ಟಿಕ್ಕರಿನ ಅಂಗಡಿಗೆ, ಅಲ್ಲಿಂದ ಬೆಂಗಳೂರಿನ ಟ್ಯಾಕ್ಸಿಗಳ ಹಿಂದಿನ ಗಾಜಿಗೆ ಅದು ಹೋದ ವೇಗ ಆಂಜನೇಯನಿಗೆ ತಕ್ಕದ್ದೇ. ಯಾರು ಬೇಕಾದರೂ ತೆಗೆದು ಕೊಯ್ದು ಮಾರಿದರು. 2018ರ ಮೇ ತಿಂಗಳಲ್ಲಿ ಚುನಾವಣೆಯ ಪ್ರಚಾರಕ್ಕೆ ಮಂಗಳೂರಿಗೆ ಬಂದ ಪ್ರಧಾನಿ ನರೇಂದ್ರ ಮೋದಿ ಆ ಚಿತ್ರವನ್ನು ಹೊಗಳಿ ಮಾತಾಡಿದ ಮೇಲೆ ಕಲಾವಿದನ ಹೆಸರೂ ಎಲ್ಲರಿಗೆ ಗೊತ್ತಾಯಿತು. ಆ ಮುಖದಲ್ಲಿರುವುದು ಕೋಪವಲ್ಲ, ಗತ್ತು ಎಂಬುದು ಕಲಾವಿದನ ವಿವರಣೆ. ನೋಡುವವರು ಕೋಪ ಎಂದೇ ಓದಿದರು. ಒಮ್ಮೆ ಗಾಜಿಗೆ ಅಂಟಿದ ಮೇಲೆ ಚಿತ್ರ ಬರೆದವನ ಮಾತು ಕೇಳುವುದಿಲ್ಲ.

ನನಗೆ ಆ ಚಿತ್ರದ ಗೆರೆಯ ಮೇಲೆ ಯಾವ ತಕರಾರೂ ಇಲ್ಲ, ಕೈ ಪಳಗಿದ ಕೆಲಸ ಅದು. ಆದರೆ ಕುಂಬಳೆ ಎಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು. ತೆಂಕುತಿಟ್ಟಿನ ರಾಮಾಯಣ ಪ್ರಸಂಗಗಳು ನಮಗೆ ಬಂದದ್ದು ಅಲ್ಲಿಂದ. ಆ ಆಟದ ಹನುಮಂತ ಲಂಕೆಗೆ ಬೆಂಕಿ ಹಚ್ಚುವ ಮೊದಲು ಅಶೋಕವನದಲ್ಲಿ ಹಣ್ಣು ತಿನ್ನುತ್ತಾನೆ, ಚೇಷ್ಟೆ ಮಾಡುತ್ತಾನೆ, ಎದುರಿಗೆ ಚಾಪೆ ಹಾಕಿ ಕೂತ ಮಕ್ಕಳನ್ನು ನಗಿಸುತ್ತಾನೆ. ಗಾಜಿನ ಹನುಮಂತ ಮಕ್ಕಳನ್ನು ನೋಡಿ ನಗುವುದಿಲ್ಲ. ನನಗೆ ಆಟದವನೇ ಹತ್ತಿರ.

ಕುಕ್ಕೆ ಸುಬ್ರಹ್ಮಣ್ಯದಲ್ಲಿ ರಜೆಯ ದಿನ ಗಾಡಿ ನಿಲ್ಲಿಸುವ ಜಾಗಕ್ಕೆ ಹೋದರೆ ಇಡೀ ಕರ್ನಾಟಕದ ಮನಸ್ಸು ಓದಲು ಸಿಗುತ್ತದೆ. ಘಟ್ಟದ ಮೇಲಿನ ಗಾಡಿಗಳಲ್ಲಿ ಈಗಲೂ ಹೆಚ್ಚು ಕಾಣುವುದು ಪುನೀತ್ ರಾಜ್‌ಕುಮಾರ್. 2021ರ ಅಕ್ಟೋಬರ್ 29ರಂದು ಅವರು ಹೋದ ಮೇಲೆ ರಾಜ್ಯದ ಜನ ಅತ್ತದ್ದು ಒಂದು ವಾರ, ಗಾಜಿನ ಮೇಲೆ ಆ ನಗುಮುಖ ಇನ್ನೂ ಉಳಿದಿದೆ. ನಮ್ಮಲ್ಲಿ ಸಿನಿಮಾದವರು ಕಡಿಮೆ. ಇಲ್ಲಿ ಕಂಬಳದ ಕೋಣ, ಯಕ್ಷಗಾನದ ಕಿರೀಟ, ಅಂಕದ ಕೋಳಿ. 2022ರಲ್ಲಿ 'ಕಾಂತಾರ' ಬಂದ ಮೇಲೆ ಪಂಜುರ್ಲಿಯ ಮುಖ ಘಟ್ಟ ಹತ್ತಿ ಬೆಂಗಳೂರಿಗೂ ಹೋಯಿತು. ಕೆಲವರು ತುಳು ಲಿಪಿಯಲ್ಲಿ ಬರೆಸುತ್ತಾರೆ. ತುಳು-ತಿಗಳಾರಿ ಲಿಪಿ ಯುನಿಕೋಡಿಗೆ ಸೇರಿದ್ದು 2024ರ ಸೆಪ್ಟೆಂಬರಿನಲ್ಲಿ, ನಮ್ಮ ರಿಕ್ಷಾಗಳಿಗೆ ಅದಕ್ಕೂ ಮೊದಲೇ ಸೇರಿತ್ತು. ಓದಲು ಬರುವವರು ಎಷ್ಟು ಮಂದಿ ಎಂದು ಕೇಳಬೇಡಿ. ಬರೆಸಿದವರ ಪೈಕಿಯೂ ಎಲ್ಲರಿಗೆ ಬರುತ್ತದೆಂದಿಲ್ಲ. ಅರೆಭಾಷೆಯ ಒಂದೊಂದು ಸಾಲು ಸುಳ್ಯದ ಕಡೆ ಅಪರೂಪಕ್ಕೆ ಸಿಕ್ಕೀತು. ಹವ್ಯಕ ಭಾಷೆಯಲ್ಲಿ ಬರೆಸಿದ ಕಾರು ಮಾತ್ರ ನನ್ನ ಕಣ್ಣಿಗೆ ಬಿದ್ದದ್ದಿಲ್ಲ. ಆ ಮನೆಗಳಲ್ಲಿ ಗಾಜಿನ ಮೇಲೂ ನಾಚಿಕೆಯೋ ಏನೋ.

ಕೆಲವು ಗಾಡಿಗಳ ಹಿಂದೆ ಒಬ್ಬ ಹುಡುಗನ ಫೋಟೊ ಇರುತ್ತದೆ. ಇಪ್ಪತ್ತು, ಇಪ್ಪತ್ತೆರಡು ವರ್ಷದವನು, ಕಪ್ಪು ಕನ್ನಡಕ ಹಾಕಿ ನಕ್ಕದ್ದು. ಅಡಿಯಲ್ಲಿ ಹುಟ್ಟಿದ ವರ್ಷ, ಹೋದ ವರ್ಷ, 'ಗೆಳೆಯಾ, ನೀನು ನಮ್ಮೊಂದಿಗಿದ್ದೀ' ಎಂಬಂಥ ಒಂದು ಸಾಲು. ಹೆಚ್ಚಾಗಿ ಬೈಕಿನಲ್ಲಿ ಹೋದವರು ಇವರು. ಅದನ್ನು ಹಾಕಿಸಿದ ಗೆಳೆಯರನ್ನು ಬೊಜ್ಜದ, ಅಂದರೆ ಉತ್ತರಕ್ರಿಯೆಯ ದಿನ ನೋಡಿರುತ್ತೇವೆ. ಬಂದವರಿಗೆ ಕುರ್ಚಿ ಹಾಕುವುದು, ಊಟಕ್ಕೆ ಬಡಿಸುವುದು, ಪಾತ್ರೆ ಎತ್ತುವುದು, ಒಂದು ಮಾತೂ ಆಡುವುದಿಲ್ಲ. ಆಮೇಲೆ ಐದಾರು ಜನ ದುಡ್ಡು ಹಾಕಿ ಫೋಟೊ ಪ್ರಿಂಟು ಮಾಡಿಸಿ ಎಲ್ಲರ ಗಾಡಿಗೂ ಅಂಟಿಸುತ್ತಾರೆ. ಇಂಥ ಗಾಡಿ ಎದುರಿದ್ದರೆ ನಾನು ಓವರ್‌ಟೇಕ್ ಮಾಡಲು ಡ್ರೈವರನಿಗೆ ಅವಸರ ಹೇಳುವುದಿಲ್ಲ.

ಪ್ರೀತಿಯ ಮಾತನ್ನು ಗಾಜಿಗೆ ಕೊಟ್ಟ ಜನ ಸಿಟ್ಟಿನ ಮಾತನ್ನೂ ಗಾಜಿಗೇ ಕೊಟ್ಟಿದ್ದಾರೆ. ಖಡ್ಗ, ತಲೆಬುರುಡೆ, ಬಂದೂಕಿನ ಚಿತ್ರ. 'ಹತ್ತಿರ ಬಂದರೆ ನೋಡು' ಎನ್ನುವ ಧಾಟಿಯ ಸಾಲುಗಳು. ಒಂದು ಜಾತಿಯನ್ನೋ ಒಂದು ಮತವನ್ನೋ ಮುಂದಿಟ್ಟು ಇನ್ನೊಬ್ಬರಿಗೆ ಹಾಕುವ ಸವಾಲುಗಳು. ಇವುಗಳನ್ನು ಬರೆಸಿದವನು ಅದೇ ಮಾತನ್ನು ಸಂತೆಯಲ್ಲಿ ಪಕ್ಕದಲ್ಲಿ ನಿಂತವನ ಮುಖ ನೋಡಿ ಹೇಳುತ್ತಾನೆಯೇ? ಖಂಡಿತ ಇಲ್ಲ. ಅವನ ಹತ್ತಿರ ಮೀನಿನ ರೇಟು ಕೇಳುತ್ತಾನೆ. ಗಾಜಿನ ಮಾತಿಗೆ ಎದುರುತ್ತರ ಬರುವುದಿಲ್ಲ, ಗಾಡಿ ಮುಂದೆ ಹೋಗಿಯಾಗಿರುತ್ತದೆ. ತಾಯಿಯ ಮೇಲಿನ ಪ್ರೀತಿಗೆ ಇದರಿಂದ ಅನುಕೂಲವಾಯಿತು, ಪುಕ್ಕಲುತನಕ್ಕೂ ಅಷ್ಟೇ ಅನುಕೂಲವಾಯಿತು.

ಅಮೆರಿಕದ ಕೊಲರಾಡೊ ರಾಜ್ಯದ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 2008ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಕಾರಿಗೆ ಸ್ಟಿಕ್ಕರು ಮುಂತಾದ ಗುರುತು ಹೆಚ್ಚು ಹಾಕಿದವರು ರಸ್ತೆಯಲ್ಲಿ ಹೆಚ್ಚು ಸಿಡಿಮಿಡಿಗೊಳ್ಳುತ್ತಾರೆ ಎಂದು ಅವರಿಗೆ ಕಂಡಿತು. ಸ್ಟಿಕ್ಕರಿನಲ್ಲಿ ಶಾಂತಿಯ ಮಾತಿದೆಯೋ ಜಗಳದ ಮಾತಿದೆಯೋ ಎಂಬುದು ಲೆಕ್ಕಕ್ಕೆ ಬರಲಿಲ್ಲ, ಎಷ್ಟಿವೆ ಎಂಬುದೇ ಲೆಕ್ಕ. ಕಾರನ್ನೂ ಅದು ಹೋಗುವ ರಸ್ತೆಯನ್ನೂ ಇದು ನನ್ನ ಜಾಗ ಎಂದು ಬೇಲಿ ಹಾಕಿಕೊಳ್ಳುವ ಬುದ್ಧಿ ಅದು ಎಂದು ಅವರ ವಾದ. ಇರಬಹುದು. ಆದರೆ ಆ ವಿದ್ವಾಂಸರು ಸುಳ್ಯದ ರಿಕ್ಷಾ ಪಾರ್ಕಿಗೆ ಬಂದಿದ್ದರೆ ಕಂಗಾಲಾಗುತ್ತಿದ್ದರು. ಅಲ್ಲಿ ಅತಿ ಹೆಚ್ಚು ಸ್ಟಿಕ್ಕರು ಹೊತ್ತ ರಿಕ್ಷಾದ ಯಜಮಾನ ಹಾರ್ನು ಹಾಕಲೂ ಹಿಂಜರಿಯುವ ಮನುಷ್ಯ. ಒಂದೂ ಸ್ಟಿಕ್ಕರಿಲ್ಲದ, ಹೊಳೆಯುವ ಕಪ್ಪು ಕಾರುಗಳ ಬಗ್ಗೆ ನನ್ನ ಅನುಭವ ಅಷ್ಟು ಒಳ್ಳೆಯದಲ್ಲ.

ಕಾನೂನಿನ ಮಾತು ಒಂದಿಷ್ಟು ಹೇಳಿಬಿಡುತ್ತೇನೆ. ಎದುರಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ನೂರಕ್ಕೆ 70, ಬದಿಯ ಗಾಜಿನಲ್ಲಿ 50ರಷ್ಟು ಬೆಳಕು ದಾಟಬೇಕೆಂದು ನಿಯಮ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ಸುಪ್ರೀಂ ಕೋರ್ಟು 2012ರ ಏಪ್ರಿಲಿನಲ್ಲಿ ತಡೆಯಿತು. ನಂಬರ್ ಪ್ಲೇಟಿನ ಮೇಲೆ ದೇವರೂ ಬೇಡ, ಹುದ್ದೆಯೂ ಬೇಡ. ಕನ್ನಡದ ಅಂಕಿಗಳಲ್ಲಿ ನಂಬರು ಬರೆಸುವುದು ಅಭಿಮಾನದ ವಿಷಯವಾದರೂ ನಿಯಮ ಅದನ್ನು ಒಪ್ಪುವುದಿಲ್ಲ. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗಳು ಸರ್ಕಾರ ಗೊತ್ತುಮಾಡಿದ ಪ್ಲೇಟಿನೊಂದಿಗೇ ಬರುತ್ತವೆ, ಹಾಗಾಗಿ ಅಲ್ಲಿ ಕೈಚಳಕಕ್ಕೆ ಜಾಗವೂ ಇಲ್ಲ. ಸಂಪಾಜೆ ಘಾಟಿಯಲ್ಲೋ ಶಿರಾಡಿಯಲ್ಲೋ ಮಂಜು ಇಳಿದಾಗ ಎದುರಿನ ಗಾಜಿನ ಅರ್ಧ ಭಾಗ ದೇವರ ಹೆಸರೇ ತುಂಬಿದ್ದರೆ, ಆ ದೇವರಿಗೂ ರಸ್ತೆ ಕಾಣಿಸುವುದು ಕಷ್ಟ.

'ಬೇಬಿ ಆನ್ ಬೋರ್ಡ್' ಎಂಬ ಹಳದಿ ಚೌಕವೂ ನಮ್ಮಲ್ಲಿಗೆ ಬಂದಿದೆ. 1984ರಲ್ಲಿ ಅಮೆರಿಕದ ಒಂದು ಕಂಪೆನಿ ಮಾರಲು ತೊಡಗಿದ ಫಲಕ ಅದು. ಮಗು ಇದೆ, ಸ್ವಲ್ಪ ದೂರ ಇರಿ ಎಂದು ಅರ್ಥ. ಕಡಬದ ಕಡೆಯ ಒಂದು ಕಾರಿನಲ್ಲಿ ಅದನ್ನು ಎಷ್ಟೋ ಕಾಲದಿಂದ ನೋಡುತ್ತಿದ್ದೇನೆ. ಹಳದಿ ಬಣ್ಣ ಬಿಳಿಯಾಗಿದೆ. ಬೇಬಿ ಈಗ ಮೂಡುಬಿದಿರೆಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದೆ, ಮೀಸೆ ಬಂದಿದೆ ಎಂದು ಕೇಳಿದ್ದೇನೆ. ಅಪ್ಪ ಅಮ್ಮ ಸ್ಟಿಕ್ಕರು ತೆಗೆದಿಲ್ಲ. ಯಾಕೆ ಎಂದು ಕೇಳಿದರೆ 'ಹಾಗೇ ಉಂಟು, ಯಾರು ಉಜ್ಜುವುದು' ಎಂದಾರು. ಉಜ್ಜುವುದು ಐದು ನಿಮಿಷದ ಕೆಲಸ ಎಂದು ಅವರಿಗೂ ಗೊತ್ತಿದೆ.

ಸ್ಟಿಕ್ಕರು ತೆಗೆಯುವ ಪ್ರಶ್ನೆ ನಿಜವಾಗಿ ಬರುವುದು ಗಾಡಿ ಮಾರುವಾಗ. ಹಳೆ ಕಾರುಗಳ ವ್ಯಾಪಾರದವರು ಗಾಡಿ ಕೈಗೆ ಬಂದ ಕೂಡಲೇ ಮಾಡುವ ಮೊದಲ ಕೆಲಸ ಎಂಜಿನ್ ನೋಡುವುದಲ್ಲ, ಗಾಜು ಉಜ್ಜುವುದು. ಕೊರಗಜ್ಜನ ಗಾಡಿಯನ್ನು ಕೊಳ್ಳಲು ಬರುವವರು ಕೆಲವರು, ಶಿಲುಬೆಯ ಗಾಡಿಯನ್ನು ನೋಡಲು ಬರುವವರು ಕೆಲವರು, 786 ಇದ್ದದ್ದನ್ನು ಮುಟ್ಟಿ ನೋಡುವವರು ಕೆಲವರು. ಗಾಜು ಖಾಲಿಯಾಗಿದ್ದರೆ ಎಲ್ಲರೂ ಬರುತ್ತಾರೆ. ವ್ಯಾಪಾರಕ್ಕೆ ಇಷ್ಟು ಬುದ್ಧಿ ಇದೆ. ಮಾರುವವರಿಗೆ ಬೇರೆಯೇ ಸಂಕಟ. ದೈವದ ಚಿತ್ರವನ್ನು ಉಗುರಿನಿಂದ ಕೆರೆದು ತೆಗೆಯಲು ಕೈ ಬರುವುದಿಲ್ಲ, ತೆಗೆದದ್ದನ್ನು ಕಸಕ್ಕೆ ಹಾಕುವುದು ಹೇಗೆ ಎಂಬ ಅಳುಕು. ಕೆಲವರು ಮೂಲೆಯಿಂದ ಬಿಸಿ ಗಾಳಿ ಕೊಟ್ಟು ಹರಿಯದ ಹಾಗೆ ಎಬ್ಬಿಸಿ ಹೊಳೆಗೆ ಬಿಡುತ್ತಾರೆ. ಕೆಲವರು ವ್ಯಾಪಾರಿಗೇ ಹೇಳುತ್ತಾರೆ, "ನೀವೇ ತೆಗೆಯಿರಿ, ನಾನು ಇಲ್ಲದಾಗ ತೆಗೆಯಿರಿ."

ಗಾಜಿನ ಮೇಲಿನದು ಹೋಗುತ್ತದೆ. ಬಾನೆಟ್ಟು, ಡಿಕ್ಕಿಯ ಬಣ್ಣದ ಮೇಲೆ ಅಂಟಿಸಿದ್ದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ವರ್ಷಗಟ್ಟಲೆ ಬಿಸಿಲಿಗೆ ಸುತ್ತಲಿನ ಬಣ್ಣ ಮಾಸಿರುತ್ತದೆ, ಅಕ್ಷರದ ಅಡಿಯದ್ದು ಹೊಸದಾಗಿಯೇ ಇರುತ್ತದೆ. ಸ್ಟಿಕ್ಕರು ಕಿತ್ತ ಮೇಲೂ ಹಿಂದಿನವರ ಮಗಳ ಹೆಸರು ನಿಚ್ಚಳವಾಗಿ ಓದಲು ಸಿಗುತ್ತದೆ. ಪಾಲಿಶ್ ಮಾಡಿದರೂ ಇಳಿಬಿಸಿಲಿನಲ್ಲಿ ಮತ್ತೆ ಕಾಣಿಸುತ್ತದೆ. ಅಂಥ ಒಂದು ಕಾರು ಕೊಂಡವರು ಮೊನ್ನೆ ಸ್ಟಿಕ್ಕರಿನ ಅಂಗಡಿಯಲ್ಲಿ ಇದಕ್ಕೇನು ಮಾಡುವುದು ಎಂದು ಕೇಳುತ್ತಿದ್ದರು. ಅಂಗಡಿಯವನು ತಲೆ ಎತ್ತದೆಯೇ ಹೇಳಿದ. "ಹಳೇ ಹೆಸರಿನ ಉದ್ದ ಅಗಲ ಅಳೆದುಕೊಂಡು ಬನ್ನಿ ಅಣ್ಣ. ಅದಕ್ಕಿಂತ ಒಂದಿಂಚು ದೊಡ್ಡದಾಗಿ ನಿಮ್ಮ ಮಕ್ಕಳದ್ದು ಹಾಕುವ. ಎಷ್ಟು ಮಕ್ಕಳು?"